ಬಿಕ್ಕಲಂ ಇಲ್ಲದ ಅರ್ಜಿ

ದೋಹಾ, ಕತಾರ್
ಶುಕ್ರವಾರ, ೨೫ ಮೇ ೨೦೦೭

ಚಿ. ಸೌ. ಶರ್ಮಿಳಾಳಿಗೆ,

ನಿನ್ನ ಮಾವನಾದ ದೇಜಪ್ಪನು ದೋಹಾದ ಸ್ಟೋರ್ ಯಾರ್ಡಿನಿಂದ ಮನಸಾರೆ ಹರಸಿ ಬರೆಯುವ ಕಾಗದ. ನಾನು ಆರೋಗ್ಯದಿಂದಿದ್ದೇನೆ. ನೀನೂ ಮಗು ಮೋಕ್ಷಾಳೂ ನಿನ್ನ ಅಣ್ಣ ಸೃಜನನ ಮನೆಯಲ್ಲಿ ಕುಶಲದಿಂದಿರುವಿರೆಂದು ನಂಬಿದ್ದೇನೆ. ನೀವು ಇಲ್ಲಿಂದ ಹೊರಟು ಇಂದಿಗೆ ನಾಲ್ಕು ತಿಂಗಳು ಏಳು ದಿನ. ಈ ಅವಧಿಯಲ್ಲಿ ಇದೇ ಕಾಗದವನ್ನು ಮೂರು ಸಲ ಆರಂಭಿಸಿ ಮೂರು ಸಲ ಹರಿದು ಹಾಕಿದ್ದೇನೆ. ಕ್ಯಾಂಪಿನ ಅರುವತ್ತು ಮಂದಿಯ ರಜೆ, ಸಂಬಳ, ಪಾಸ್‌ಪೋರ್ಟುಗಳ ಅರ್ಜಿಯನ್ನು ಕುಳಿತಲ್ಲೇ ಬರೆದುಕೊಡುವ ನನಗೆ ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಕೈ ಓಡಲಿಲ್ಲ. ವಿಳಂಬವನ್ನು ದಯವಿಟ್ಟು ಮನ್ನಿಸಬೇಕು.

ಇಲ್ಲಿ ಸೆಕೆ ಆರಂಭವಾಗಿದೆ. ಹತ್ತು ಗಂಟೆಗೇ ನಲ್ಲಿಯ ನೀರು ಕೈ ಸುಡುತ್ತದೆ. ಬಾಣಂತನದಲ್ಲಿ ನಿನ್ನನ್ನು ಮೀಯಿಸಿದ ನಜ್ಮಾದ ಆಯಿಷಮ್ಮ ಕಳೆದ ವಾರ ಸಿಕ್ಕಿದ್ದರು. "ನನ್ನ ಕೂಸು ಮಗುಚಿತಾ? ಕುತ್ತಿಗೆ ನಿಂತಿತಾ?" ಎಂದು ಕೇಳಿದರು. ಆರನೆಯ ತಿಂಗಳು ನಡೆಯುತ್ತಿದೆಯಲ್ಲ, ಮಗುಚಿರಬೇಕು ಎಂದು ಲೆಕ್ಕ ಹಾಕಿ ಹೇಳಿದೆ.

ಮಗ ಯಜ್ಞೇಶನು ಬ್ಯಾಚುಲರ್ ಕೋಣೆಯಲ್ಲಿ ನನ್ನ ಪಕ್ಕದ ಮಂಚದಲ್ಲಿಯೇ ಮಲಗುತ್ತಾನೆ. ಪ್ರತಿ ಶುಕ್ರವಾರ ಊಟವಾದ ಮೇಲೆ ಸ್ಟೋರಿನ ನೆರಳಿನಲ್ಲಿ ನಿಂತು ನಿನಗೆ ಫೋನ್ ಮಾಡುತ್ತಾನೆ. ಅದು ರಿಂಗಾಗಿ ನಿಲ್ಲುತ್ತದೆ. ಅವನು ಒಳಗೆ ಬಂದು ಅಂಗಿಗೆ ಇಸ್ತ್ರಿ ಹಾಕಲು ಕೂರುತ್ತಾನೆ. ಒಂದು ಅಂಗಿಗೆ ಅರ್ಧ ಗಂಟೆ.

ಹೋದ ಶುಕ್ರವಾರ ನಿನ್ನ ಅಣ್ಣ ಸೃಜನನು ನನಗೆ ನೇರವಾಗಿ ಫೋನ್ ಮಾಡಿದ. ಬಹಳ ಮರ್ಯಾದೆಯಿಂದಲೇ ಮಾತನಾಡಿದ. "ಮಾವ, ತಂಗಿ ಇನ್ನು ಅಲ್ಲಿಗೆ ಬರುವುದಿಲ್ಲ ಅಂತ ಹೇಳ್ತಾಳೆ. ಹೆಂಡತಿ ಮಗು ಕ್ಯಾಂಪಲ್ಲಿದ್ದಾರೆ ಅಂತ ಕಂಪನಿಗೆ ಬರೆದುಕೊಟ್ಟು ಹೊರಗೆ ಹಾಕಿಸಿದವನ ಹತ್ತಿರ ಯಾವ ಮುಖದಲ್ಲಿ ಬರುವುದು? ಮುಂದಿನ ತಿಂಗಳು ನಾಲ್ಕು ಜನ ಹಿರಿಯರನ್ನು ಕೂರಿಸಿ ಮಾತಾಡಿ ಮುಗಿಸುವ" ಎಂದ.

ಹಿರಿಯರು ಕೂರುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಕಂಪನಿಗೆ ಹೋದ ಸದರಿ ಅರ್ಜಿಯ ವಿಷಯದಲ್ಲಿ ನಡೆದುದನ್ನು ನಡೆದಂತೆಯೇ ನಿನ್ನ ಮುಂದೆ ಇಡುವುದಷ್ಟೇ ಇದರ ಉದ್ದೇಶ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಬೇಸರಿಸಬೇಡ. ಹಿನ್ನೆಲೆಯಿಲ್ಲದೆ ಕೋರಿಕೆ ನಿಲ್ಲುವುದಿಲ್ಲ ಎಂಬುದು ನಾನು ಕಲಿತ ರೀತಿ.

ನಜ್ಮಾದಲ್ಲಿ ನಿಮ್ಮ ಬಾಡಿಗೆ ಮನೆಯಿದ್ದ ಕಟ್ಟಡವನ್ನು ಕೆಡವುವುದೆಂದು ಆದಾಗ ಏಷ್ಯನ್ ಗೇಮ್ಸ್ ಹತ್ತಿರ ಬಂದಿತ್ತು. ಊರಿಡೀ ಬಾಡಿಗೆ ಏರಿತ್ತು. ನಿನಗೆ ಏಳು ತಿಂಗಳು. ರಕ್ತದೊತ್ತಡದ ಕಾರಣ ವಿಮಾನ ಹತ್ತಬಾರದೆಂದು ಡಾಕ್ಟರರ ಅಪ್ಪಣೆ. ತವರಿನಲ್ಲಿ ತಾಯಿಯೂ ಇರಲಿಲ್ಲ, ಇಲ್ಲಿ ಅತ್ತೆಯೂ ಇರಲಿಲ್ಲ. ಆಗ ನಮ್ಮ ಯಾರ್ಡಿನ ಇನ್‌ಚಾರ್ಜ್ ಆಗಿದ್ದ ಲ್ಯಾನ್ಸ್‌ಲಾಟ್, ಸ್ಟೋರಿನ ಹಿಂದೆ ನಿಂತಿದ್ದ ಹಳೆಯ ಕ್ಯಾರವಾನಿನ ಕೀಲಿಕೈಯನ್ನು ಸ್ಟೋರ್‌ಕೀಪರನಾದ ಯಜ್ಞೇಶನ ಅಂಗೈಯಲ್ಲಿಟ್ಟ. ಒಂದು ಕಾಲದಲ್ಲಿ ಮಾಲೀಕರ ಮನೆಯವರು ಚಳಿಗಾಲದ ವಿಹಾರಕ್ಕೆ ಮರಳುಗಾಡಿಗೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುತ್ತಿದ್ದ ಗಾಲಿಮನೆ ಅದು.

"ಸ್ಟೋರ್‌ಕೀಪರ್ ಇದರಲ್ಲಿ ಮಲಗ್ತಾನೆ ಅಂತ ಬುಕ್ಕಲ್ಲಿ ಬರೀತೇನೆ. ಹೆಂಡತಿ ಇದ್ದಾಳಾ? ನಾನು ನೋಡಿಯೇ ಇಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ ಮಾರಾಯ" ಎಂದು ಲ್ಯಾನ್ಸ್‌ಲಾಟ್ ನಕ್ಕದ್ದು ನಿನಗೆ ನೆನಪಿರಬಹುದು.

ಆ ಕ್ಯಾರವಾನಿನಲ್ಲಿ ಎಲ್ಲವೂ ಒಂದು ಮಟ್ಟಿಗೆ ಸರಿಯಿತ್ತು, ನೀರು ಕಾಯಿಸುವ ಹೀಟರ್ ಒಂದನ್ನು ಬಿಟ್ಟು. ಹೊರಗೋಡೆಯ ಸಣ್ಣ ಮುಚ್ಚಳದ ಹಿಂದೆ ಎರಡು ಕೊಡ ನೀರು ಹಿಡಿಯುವ ಟ್ಯಾಂಕು, ಅದರಡಿ ಗ್ಯಾಸಿನ ನೀಲಿ ಉರಿ. ಅದರ ಆರೈಕೆಯನ್ನು ನಾನೇ ವಹಿಸಿಕೊಂಡೆ. ಪ್ರತಿ ಶುಕ್ರವಾರ ಗ್ಯಾಸು ನಿಲ್ಲಿಸಿ, ಟ್ಯಾಂಕು ತಣಿಯುವವರೆಗೆ ಕಾದು, ಕೆಳಗಿನ ಬಿರಡೆ ಬಿಚ್ಚುತ್ತಿದ್ದೆ. ಟ್ಯಾಂಕರಿನಲ್ಲಿ ಬರುವ ಉಪ್ಪುನೀರಿನ ಫಲವಾಗಿ ಸುಣ್ಣದ ಹಕ್ಕಳೆಗಳು ಸುರಿಯುತ್ತಿದ್ದವು. ವಿನೆಗರ್ ಹಾಕಿ ತೊಳೆಯುತ್ತಿದ್ದೆ. ಬಿರಡೆಯ ಜೊತೆ ಒಂದು ಉದ್ದನೆಯ ಸರಳು ಹೊರಬರುತ್ತಿತ್ತು. ಮೊದಲ ದಿನ ಅದು ನೂಲಿನಷ್ಟು ಸವೆದದ್ದನ್ನು ನೋಡಿ ನಾನು ಗಾಬರಿಯಾದೆ. ಲ್ಯಾನ್ಸ್‌ಲಾಟ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದ.

"ಇದು ಹಾಳಾಗಲಿಕ್ಕೇ ಹಾಕಿದ್ದು ದೇಜಪ್ಪಣ್ಣ. ತುಕ್ಕಿಗೆ ತಿನ್ನಲಿಕ್ಕೆ ಏನಾದರೂ ಬೇಕಲ್ಲ, ಇದನ್ನು ತಿಂತದೆ. ಇದು ಇರುವವರೆಗೆ ಟ್ಯಾಂಕಿಗೆ ಏನೂ ಆಗುವುದಿಲ್ಲ. ಇದು ಮುಗಿದರೆ ಟ್ಯಾಂಕಿನ ಸರದಿ."

ಹೊಸ ಸರಳಿಗಾಗಿ ನಾನೂ ಯಜ್ಞೇಶನೂ ಅಂಗಡಿ ಅಂಗಡಿ ಅಲೆದೆವು. "ಮಾಫಿ" ಎಂಬ ಒಂದೇ ಅರಬಿ ಉತ್ತರ. ಇಲ್ಲ. ಅಷ್ಟು ಹಳೆಯ ಮಾದರಿಯದು ದೋಹಾದಲ್ಲಿ ಯಾರ ಬಳಿಯೂ ಇರಲಿಲ್ಲ.

ಡಿಸೆಂಬರ್ ಎರಡರಂದು ಮೋಕ್ಷಾ ಹುಟ್ಟಿದಳು. ಬಾಣಂತಿಯನ್ನು ಮೀಯಿಸುವ ಕೈಗುಣ ಇದ್ದವರೆಂದು ಆಯಿಷಮ್ಮನನ್ನು ಕರೆತಂದೆವು. ಯಾರದೋ ಸೂಟ್‌ಕೇಸಿನಲ್ಲಿ ಊರಿನಿಂದ ಬಂದ, ಸ್ನಾನದ ನೀರಿಗೆ ಹಾಕುವ ಒಣ ನೆಕ್ಕಿ ಸೊಪ್ಪನ್ನು ಅವರು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಎಂಟು ದಿನ ಹೀಟರ್ ಮಾನ ಕಾಪಾಡಿತು. ಒಂಬತ್ತನೆಯ ದಿನ ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಉರಿಯ ಮೇಲೆಯೇ ತೊಟ್ಟಿಕ್ಕಿತು. ಅಂಟು ಕಲಸಿ ಮೆತ್ತಿದೆ, ನಿಲ್ಲಲಿಲ್ಲ. ಬಕೆಟಿಗೆ ಬಂದದ್ದು ಉಗುರುಬೆಚ್ಚಗಿನ ನೀರು. ಆಯಿಷಮ್ಮ ಬೆರಳು ಅದ್ದಿ ನೋಡಿ ಬಕೆಟನ್ನು ನನ್ನ ಕಾಲಬುಡಕ್ಕೆ ತಂದಿಟ್ಟರು.

"ಈ ನೀರಲ್ಲಿ ಮೀನು ತೊಳೀಬಹುದು, ಬಾಣಂತಿಯನ್ನು ಮೀಯಿಸಲಿಕ್ಕೆ ಆಗುವುದಿಲ್ಲ. ಇಡೀ ಕ್ಯಾಂಪಿಗೆ ಅರ್ಜಿ ಬರೆದುಕೊಡ್ತೀರಿ ಅಂತ ಕೇಳಿದ್ದೇನೆ. ಸೊಸೆಗೆ ಒಂದು ಹಂಡೆ ನೀರು ಕಾಯಿಸಲಿಕ್ಕೆ ಬರುವುದಿಲ್ವಾ ನಿಮಗೆ?"

ಅವರು ತಮಾಷೆಗೆ ಹೇಳಿದ್ದು. ನನಗೆ ಅದು ಎದೆಗೆ ನಾಟಿತು. ಮೂವತ್ತು ವರ್ಷದ ಹಿಂದೆ ಯಜ್ಞೇಶ ಹುಟ್ಟಿದಾಗ ನಲವತ್ತು ದಿನವೂ ಬಚ್ಚಲ ಒಲೆಗೆ ಸೌದೆ ಒಡ್ಡಿದವನು ನಾನು. ನಿನ್ನ ಅತ್ತೆ ಪ್ರೇಮಾವತಿ ಸಾಯುವವರೆಗೂ ಅದನ್ನು ಹತ್ತು ಜನರೆದುರು ಹೇಳಿ ಮೆಚ್ಚುತ್ತಿದ್ದಳು. ಅಂಥ ನನಗೆ ಈ ಮಾತು.

ಯಜ್ಞೇಶನು ಸುಲಭದ ದಾರಿ ಹೇಳಿದ. "ಅಪ್ಪ, ಮೆಸ್ಸಿನ ಒಲೆಯಲ್ಲಿ ಎರಡು ದೊಡ್ಡ ಪಾತ್ರೆ ಇಟ್ಟರಾಯಿತು. ನಾನು ಹೊತ್ತು ತರ್ತೇನೆ." ನೀನೂ ಒಳಗಿನಿಂದ ಹೇಳಿದೆ: "ಮಾವ, ಮೆಸ್ಸಿನ ನೀರೇ ಸಾಕು. ದಯಮಾಡಿ ಯಾರಿಗೂ ಹೇಳುವುದು ಬೇಡ. ನಾವು ಇಲ್ಲಿದ್ದೇವೆ ಅಂತ ಮೇಲಿನವರಿಗೆ ಗೊತ್ತಾದರೆ ಮುಗಿಯಿತು."

ನನ್ನ ಮನೆಯ ಬಾಣಂತಿಯ ಸ್ನಾನದ ನೀರು ಅರುವತ್ತು ಗಂಡಸರ ಕಣ್ಣೆದುರು ಮೆರವಣಿಗೆ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಂಪನಿಯ ಕ್ಯಾರವಾನು, ಕಂಪನಿಯ ಹೀಟರು, ಬದಲಿಸಿಕೊಡುವುದು ಕಂಪನಿಯ ಧರ್ಮ, ಕೇಳುವುದು ನಮ್ಮ ಹಕ್ಕು. ಹೀಗೆಂದು ತೀರ್ಮಾನಿಸಿದೆ.

ಬಂಟವಾಳದ ತಾಲೂಕು ಕಚೇರಿಯೆದುರಿನ ಜಗಲಿಯಲ್ಲಿ ನಾನು ಹದಿನಾರನೆಯ ವಯಸ್ಸಿನಿಂದ ಅರ್ಜಿಗಳ ನಕಲು ತೆಗೆಯುತ್ತಿದ್ದವನು. ನನ್ನ ಗುರುಗಳು ಮೂರು ವಿಷಯ ಕಲಿಸಿದ್ದರು. ಅರ್ಜಿಯಲ್ಲಿ ನಿಜಸ್ಥಿತಿಯನ್ನು ಪೂರ್ತಿಯಾಗಿ ಬರೆಯಬೇಕು, ವಾಸವಿರುವವರ ಹೆಸರು ವಯಸ್ಸು ಸಹಿತ. ಮೇಲಧಿಕಾರಿಗೆ ಪ್ರತಿ ಹೋಗದ ಅರ್ಜಿ ಮೇಜಿನ ಮೇಲೆಯೇ ಸಾಯುತ್ತದೆ. ಕೊನೆಯದಾಗಿ, ಕೆಳಗೆ ಅರ್ಜಿದಾರನ ಸಹಿಯಾದ ಮೇಲೆ ಬರೆದವನು ತನ್ನ ಹೆಸರನ್ನೂ ಹಾಕಬೇಕು. ಅದಕ್ಕೆ ಬಿಕ್ಕಲಂ ಎನ್ನುತ್ತಾರೆ. "ಬಿಕ್ಕಲಂ ಹಾಕಲು ಹೆದರುವವನು ಬರೆಯಬಾರದು" ಎಂಬುದು ಗುರುಗಳ ಮಾತು.

ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ನಾನು ಹಾಜರಿ ಬರೆಯುವ ಟೈಮ್ ಆಫೀಸಿನ ಕಂಪ್ಯೂಟರಿನಲ್ಲಿ, ಯಜ್ಞೇಶನ ಹೆಸರಿನಲ್ಲಿ, ಲ್ಯಾನ್ಸ್‌ಲಾಟನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬೆರಳಚ್ಚಿಸಿದೆ. ಹಳೆಯ ಮಾದರಿಗಳೆಲ್ಲ ನನಗೆ ಬಾಯಿಪಾಠ. ಅರ್ಜಿದಾರನು ತನ್ನ ಇಪ್ಪತ್ತಾರು ವರ್ಷ ವಯಸ್ಸಿನ ಪತ್ನಿ ಹಾಗೂ ಒಂಬತ್ತು ದಿನದ ಹೆಣ್ಣು ಶಿಶುವಿನೊಂದಿಗೆ ಸದರಿ ಕ್ಯಾರವಾನಿನಲ್ಲಿ ವಾಸವಿರುತ್ತಾನೆಂದು ಬರೆದೆ. ಬಾಣಂತಿಯ ದೇಹಸ್ಥಿತಿಯನ್ನು ಪರಿಗಣಿಸಿ ಹೊಸ ಹೀಟರನ್ನು ದಯಪಾಲಿಸಬೇಕೆಂದು ಪ್ರಾರ್ಥಿಸಿದೆ. ಯಜ್ಞೇಶನು ರಾತ್ರಿಯೆಲ್ಲ ಮಗುವನ್ನು ಎತ್ತಿ ತಿರುಗಿ ನಿದ್ದೆಗೆಟ್ಟಿದ್ದ. "ಲ್ಯಾನ್ಸ್‌ಲಾಟ್ ಅಂಕಲ್‌ಗೆ ಬಾಯಲ್ಲಿ ಹೇಳಿದರೆ ಸಾಕಿತ್ತಲ್ಲ ಅಪ್ಪ. ಅವರಿಗೆ ಮಾತ್ರ ಅಲ್ವಾ ಕೊಡುವುದು?" ಎಂದು ಕೇಳಿ, ಓದದೆಯೇ ಸಹಿ ಹಾಕಿ ಸ್ಟೋರಿಗೆ ಹೋದ.

ಅವನು ಹೋದ ಮೇಲೆ ಆ ಹಾಳೆಯನ್ನು ಮತ್ತೆ ಪ್ರಿಂಟರಿಗೆ ಕೊಟ್ಟು, ಸಹಿಯ ಕೆಳಗೆ ಎರಡು ಸಾಲು ಸೇರಿಸಿದೆ. ಪ್ರತಿ: ಪರ್ಸನೆಲ್ ವಿಭಾಗಕ್ಕೆ. ಪ್ರತಿ: ಮೇಂಟೆನನ್ಸ್ ವಿಭಾಗಕ್ಕೆ. ಎರಡು ನಕಲು ತೆಗೆದು ಹೆಡ್ ಆಫೀಸಿಗೆ ಹೋಗುವ ಚೀಲದಲ್ಲಿ ಹಾಕಿದೆ. ಬಿಕ್ಕಲಂ ಹಾಕಲಿಲ್ಲ. ಇಂಗ್ಲಿಷ್ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ಮೂಲಪ್ರತಿಯನ್ನು ಲ್ಯಾನ್ಸ್‌ಲಾಟನಿಗೆ ಕೊಟ್ಟೆ. ಅವನು ಓದಿ ತಲೆಯ ಮೇಲೆ ಕೈಯಿಟ್ಟುಕೊಂಡ. ಕಾಗದದ ಕೊನೆಯವರೆಗೆ ಅವನೂ ಹೋಗಲಿಲ್ಲ.

"ಭಾರೀ ಲಾಯ್ಕ ಬರೆದಿದ್ದೀರಿ ದೇಜಪ್ಪಣ್ಣ, ಫ್ರೇಮ್ ಹಾಕಿ ಇಡಬೇಕು. ಈಗ ಇದು ನನ್ನ ಡ್ರಾಯರಲ್ಲಿ ಹೋಗಿ ಮಲಗ್ತದೆ. ಒಂದು ವಾರ ಕೊಡಿ, ಎಲ್ಲಿಂದಾದರೂ ಒಂದು ಹೀಟರ್ ಹುಡುಕಿ ತರ್ತೇನೆ. ಇನ್ನು ಯಾರಿಗೂ ಬರೀಬೇಡಿ, ನಿಮ್ಮ ಕಾಲು ಹಿಡೀತೇನೆ."

ಆಗ ಹನ್ನೆರಡು ಗಂಟೆ. ಹೆಡ್ ಆಫೀಸಿನ ಚೀಲ ಹೊರಡುವುದು ಎರಡಕ್ಕೆ. ಚೀಲವಿದ್ದದ್ದು ನನ್ನದೇ ಮೇಜಿನ ಕೆಳಗೆ. ಎರಡು ಗಂಟೆಯ ಕಾಲ ನಾನು ಅದರ ಎದುರು ಕುಳಿತಿದ್ದೆ. ಕೊಟ್ಟ ಅರ್ಜಿಯನ್ನು ಹಿಂದಕ್ಕೆ ಪಡೆಯುವುದು ಸುಳ್ಳುಗಾರನ ಲಕ್ಷಣವೆಂದು ಗುರುಗಳು ಹೇಳಿದ್ದರು. ನಾನು ಕೈ ಹಾಕಲಿಲ್ಲ. ಡ್ರೈವರನು ಬಂದು ಎತ್ತಿಕೊಂಡು ಹೋದ.

ಡಿಸೆಂಬರ್ ಇಪ್ಪತ್ತಮೂರರಂದು ಪರ್ಸನೆಲ್ ವಿಭಾಗದ ಅಧಿಕಾರಿ ಬಂದದ್ದು ನಿನ್ನ ಕಣ್ಣೆದುರೇ ನಡೆಯಿತು. ನೀನು ಮಗುವನ್ನು ಹೊದ್ದಿಸಿಕೊಂಡು ಕ್ಯಾರವಾನಿನ ಮೆಟ್ಟಿಲಲ್ಲಿ ನಿಂತಿದ್ದೆ. ನಾನು ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿದ್ದೆ. ಅವರು ಹಾಳೆಯನ್ನು ಬಿಡಿಸಿ ಯಜ್ಞೇಶನಿಗೆ ಹಿಂದಿಯಲ್ಲಿ ಕೇಳಿದರು: "ಇದು ನಿನ್ನ ಸಹಿಯೇ? ಬಹಳ ಹಳೆಯ ಕಾಲದ ಇಂಗ್ಲಿಷ್. ಯಾವ ವಕೀಲರು ಬರೆದದ್ದು?"

ಶರ್ಮಿಳಾ, ನಾಚಿಕೆಯಿಂದ ಅರಿಕೆ ಮಾಡಿಕೊಳ್ಳುತ್ತೇನೆ. ವಕೀಲರೆಂಬ ಮಾತು ಕೇಳಿ ಆ ಗಳಿಗೆಯಲ್ಲೂ ನನ್ನ ಮನಸ್ಸು ಒಮ್ಮೆ ಹಿಗ್ಗಿತು.

ಯಜ್ಞೇಶನು ಹಾಳೆಯನ್ನು ಕೈಗೆ ತೆಗೆದುಕೊಂಡ. ಸಹಿಯ ಕೆಳಗಿನ ಎರಡು ಸಾಲುಗಳನ್ನು ಅವನು ಮೊದಲ ಸಲ ಓದಿದ್ದು ಆಗ. ತಲೆಯೆತ್ತಿ ನನ್ನನ್ನು ನೋಡಿದ. ನನಗೆ ಅರುವತ್ತು ತುಂಬಿತ್ತು. ನನ್ನ ಕೆಲಸದ ಒಪ್ಪಂದ ಇನ್ನೊಂದು ವರ್ಷಕ್ಕೆ ನವೀಕರಣವಾಗುವ ಕಾಗದ ಆ ಅಧಿಕಾರಿಯ ಮೇಜಿನಲ್ಲಿಯೇ ಇತ್ತು. ಇದು ಅವನಿಗೆ ತಿಳಿದಿತ್ತು. "ಹೌದು ಸಾರ್, ನಾನೇ ಬರೆದದ್ದು, ನಾನೇ ಕಳುಹಿಸಿದ್ದು" ಎಂದ.

ನೀನು ಆಗ ಅವನ ಮುಖವನ್ನು ನೋಡಿದ ಬಗೆಯನ್ನು ನಾನು ಮರೆತಿಲ್ಲ. ಎರಡು ದಿನದ ಹಿಂದಷ್ಟೇ ಅವನು ದಣಿವಿನಲ್ಲಿ, "ನೀವಿಬ್ಬರೂ ಊರಲ್ಲಿದ್ದಿದ್ದರೆ ಎಷ್ಟು ಸುಲಭ ಇತ್ತು" ಎಂದಿದ್ದ. ಅದನ್ನೂ ಇದನ್ನೂ ನೀನು ಒಟ್ಟಿಗಿಟ್ಟು ನೋಡಿದೆ. ಯಾರಾದರೂ ಹಾಗೆಯೇ ನೋಡುತ್ತಿದ್ದರು. "ನಾನು ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಕಂಪನಿಗೆ ಬರೆದು ಹೇಳಿಸಬೇಕಿತ್ತಾ?" ಎಂದು ಕೇಳಿದೆ. ಅವನು ಹಾಳೆಯನ್ನು ಮಡಚಿ ಅಧಿಕಾರಿಗೆ ಹಿಂದಿರುಗಿಸಿದ. ಉತ್ತರ ನನ್ನ ಬಳಿ ಇತ್ತು.

ಮುಂದಿನದು ನಿನಗೆ ಗೊತ್ತಿರುವುದೇ. ಯಾರ್ಡಿನೊಳಗೆ ಕುಟುಂಬ ಇರಕೂಡದೆಂಬ ಆದೇಶ. ಮಗುವಿನ ಪಾಸ್‌ಪೋರ್ಟ್ ಬರುವವರೆಗೆಂದು ಸಿಕ್ಕಿದ ನಾಲ್ಕು ವಾರ. ನಲವತ್ತನೆಯ ದಿನದ ಸ್ನಾನಕ್ಕೆ ಮೆಸ್ಸಿನ ನೀರೇ ಆಯಿತು, ಅದನ್ನು ಹೊತ್ತು ತಂದವನು ಯಜ್ಞೇಶನೇ. ಅರುವತ್ತು ಗಂಡಸರಲ್ಲಿ ಒಬ್ಬನೂ ತಲೆಯೆತ್ತಿ ನೋಡಲಿಲ್ಲ. ಅಡುಗೆಯವನು ಪಾತ್ರೆಗೆ ಮುಚ್ಚಳ ಹುಡುಕಿಕೊಟ್ಟ. ಲ್ಯಾನ್ಸ್‌ಲಾಟನನ್ನು ದುಖಾನಿನ ಸೈಟಿಗೆ ಎತ್ತಂಗಡಿ ಮಾಡಿದರು. ಹೊರಡುವಾಗ ಅವನು ನನ್ನ ಕೈ ಕುಲುಕಿ, "ಇರಲಿ ಬಿಡಿ, ಅಲ್ಲಿ ಸಮುದ್ರ ಹತ್ತಿರ ಅಂತೆ" ಎಂದ. ಯಾರು ಕಳುಹಿಸಿದ್ದೆಂದು ಅವನು ಕೇಳಲಿಲ್ಲ.

ನೀವು ಹೋದ ಎಂಟನೆಯ ದಿನ ಮೇಂಟೆನನ್ಸ್ ವಿಭಾಗದ ಧನಂಜಯ, ಮೈಸೂರಿನ ಕಡೆಯ ಯುವ ಇಂಜಿನಿಯರು, ವ್ಯಾನಿನಲ್ಲಿ ಬಂದಿಳಿದರು. ಜೊತೆಗೆ ಇಬ್ಬರು ಫಿಟ್ಟರುಗಳು, ಒಂದು ಪೆಟ್ಟಿಗೆ. ಎರಡನೆಯ ಪ್ರತಿಯ ಫಲ ಅದು. ಪರ್ಸನೆಲ್ ವಿಭಾಗದಲ್ಲಿ ನಡೆದದ್ದು ಮೇಂಟೆನನ್ಸಿನವರಿಗೆ ಯಾರೂ ತಿಳಿಸಿರಲಿಲ್ಲ.

"ಇಲ್ಲಿ ಈಗ ಯಾರೂ ಇಲ್ಲವಲ್ಲ ಸಾರ್" ಎಂದೆ.

"ಯಾರಿದ್ದಾರೆ ಯಾರಿಲ್ಲ ಅಂತ ನನಗ್ಯಾಕೆ ಯಜಮಾನ್ರೇ? ಹಾಕಿ ಅಂತ ಸ್ಯಾಂಕ್ಷನ್ ಆಗಿದೆ, ಹಾಕ್ತೀವಿ. ಅರ್ಜಿ ಮಾತ್ರ ಸಖತ್ತಾಗಿತ್ತು ಕಣ್ರೀ, ಆಫೀಸಲ್ಲಿ ಎಲ್ಲಾ ಓದಿದ್ವಿ. ಇಲ್ಲಿ ಸೈನ್ ಮಾಡಿ, ಖಲಾಸ್."

ಮಧ್ಯಾಹ್ನದೊಳಗೆ ಹೊಸ ಹೀಟರ್ ಕೂಡಿಸಿ ಹೋದರು. ಇಪ್ಪತ್ತೈದು ವರ್ಷಗಳಲ್ಲಿ ನಾನು ಈ ಕಂಪನಿಗೆ ಬರೆದ ಅರ್ಜಿಗಳ ಪೈಕಿ ಕೇಳಿದ್ದಕ್ಕೆ ಕೇಳಿದಂತೆಯೇ ಮಂಜೂರಾದದ್ದು ಇದೊಂದೇ.

ನೀರು ನಿಂತರೆ ಹೊಸ ಟ್ಯಾಂಕೂ ಹಾಳಾಗುತ್ತದೆ. ಆದುದರಿಂದ ಪ್ರತಿ ಶುಕ್ರವಾರ ಕ್ಯಾರವಾನಿನ ಬಾಗಿಲು ತೆಗೆದು ಉರಿ ಹೊತ್ತಿಸುತ್ತೇನೆ. ಹದಿನೈದು ನಿಮಿಷಕ್ಕೆ ಕೊತಕೊತ ಕುದಿಯುವಂಥ ನೀರು. ಆಯಿಷಮ್ಮನೂ ತಪ್ಪು ಹುಡುಕಲಾರರು. ನಲ್ಲಿ ಬಿಟ್ಟು ಮರಳಿಗೆ ಹರಿಸಿ, ಬಾಗಿಲು ಹಾಕಿಕೊಂಡು ಬರುತ್ತೇನೆ. ಇಂದೂ ಹಾಗೆ ಮಾಡಿ ಬಂದು ಈ ಕಾಗದಕ್ಕೆ ಕುಳಿತಿದ್ದೇನೆ.

ಮೇಲೆ ಅರಿಕೆ ಮಾಡಿಕೊಂಡ ಸಂಗತಿಗಳನ್ನು ಪರಿಶೀಲಿಸಿ, ಯಜ್ಞೇಶನ ಮೇಲೆ ನೀನು ಹೊರಿಸಿದ ತಪ್ಪನ್ನು ಅವನಿಂದ ತೆಗೆದು ನನ್ನ ಮೇಲೆ ಹೊರಿಸಬೇಕೆಂದು ಪ್ರಾರ್ಥಿಸುತ್ತೇನೆ. ನಿನ್ನೆ ಪರ್ಸನೆಲ್ ವಿಭಾಗಕ್ಕೂ ಇದೇ ವಿಷಯವನ್ನು ಬರೆದುಕೊಟ್ಟಿದ್ದೇನೆ, ಲ್ಯಾನ್ಸ್‌ಲಾಟನ ತಪ್ಪಿಲ್ಲವೆಂದೂ ಸೇರಿಸಿದ್ದೇನೆ. ನನ್ನನ್ನು ಕಳುಹಿಸಿಬಿಡುವುದಾದರೆ ಕಳುಹಿಸಲಿ. ಅಲ್ ಥುಮಾಮಾದ ಒಂದು ವಿಲ್ಲಾದಲ್ಲಿ ಜುಲೈ ತಿಂಗಳಿನಿಂದ ಒಂದು ಕುಟುಂಬಕ್ಕೆ ಸಾಲುವ ಭಾಗ ಖಾಲಿಯಾಗುತ್ತದೆ. ಯಜ್ಞೇಶನು ಎರಡು ಸಲ ಹೋಗಿ ನೋಡಿ ಬಂದಿದ್ದಾನೆ, ಮಾತು ಕೊಟ್ಟಿಲ್ಲ. ನೀನು ಒಮ್ಮೆ ಅವನ ಫೋನ್ ಎತ್ತಿದರೆ ಕೊಡುತ್ತಾನೆ. ನೀವು ಬಂದರೆ ನಾನು ಆ ಮನೆಯಲ್ಲಿರುವುದಿಲ್ಲ, ಅದನ್ನೂ ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಮಗುವಿನ ಹಣೆಗೆ ನನ್ನ ಪರವಾಗಿ ಮೂಗು ತಾಗಿಸು. ಸೃಜನನಿಗೂ ಮನೆಯವರಿಗೂ ನನ್ನ ನೆನಪು ತಿಳಿಸು. ನಿನ್ನ ಮಡಿಲೂ ಮನೆಯೂ ತುಂಬಿರಲಿ ಎಂದು ಹರಸುವ,

ನಿನ್ನ ಮಾವ
ದೇಜಪ್ಪ

ತಾ. ಕ.: ಸಹಿ ಹಾಕಿದ ಮೇಲೆ ಎರಡು ಸಾಲು ಸೇರಿಸುವ ಚಾಳಿ ನನ್ನನ್ನು ಬಿಟ್ಟಿಲ್ಲ. ಆದರೆ ಇದನ್ನು ಬರೆಯದಿದ್ದರೆ ಮೇಲಿನದೆಲ್ಲವೂ ಅರ್ಧ ಸುಳ್ಳಾಗುತ್ತದೆ. ಜನವರಿ ಹದಿನೆಂಟರಂದು ವಿಮಾನ ನಿಲ್ದಾಣದಲ್ಲಿ ಯಜ್ಞೇಶನು ಲಗೇಜು ತೂಗಿಸಲು ಹೋಗಿದ್ದಾಗ ನೀನು ಮಗುವನ್ನು ನನ್ನ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಳ್ಳುತ್ತ ಕೇಳಿದೆ: "ಮಾವ, ನೀವು ದಿನಾ ಇವರ ಜೊತೆಗಿರುವವರು. ಇವರು ಯಾಕೆ ಹೀಗೆ ಮಾಡಿದ್ರು ಅಂತ ನಿಮಗೆ ಗೊತ್ತುಂಟಾ?" ಮೋಕ್ಷಾ ನನ್ನ ಕಿರುಬೆರಳು ಹಿಡಿದುಕೊಂಡಿದ್ದಳು. ನಾನು ಹೇಳಿದೆ: "ನನಗೆ ತಿಳಿಯದು ಮಗಳೇ." ಹೇಳಿ ತಿರುಗುವಾಗ ಯಜ್ಞೇಶ ತಳ್ಳುಗಾಡಿ ಹಿಡಿದು ನನ್ನ ಹಿಂದೆಯೇ ನಿಂತಿದ್ದ. ಅವನು ಕೇಳಿಸಿಕೊಂಡಿದ್ದ. ಅಂದಿನಿಂದ ಇಂದಿನವರೆಗೆ ದಿನಾ ಬೆಳಿಗ್ಗೆ ನನಗೆ ಚಹಾ ತಂದಿಡುತ್ತಾನೆ, ನನ್ನ ಅಂಗಿಗೂ ಇಸ್ತ್ರಿ ಹಾಕುತ್ತಾನೆ. ಅಪ್ಪ ಎಂದು ಒಂದು ಸಲವೂ ಕರೆದಿಲ್ಲ.

ಹನ್ನೊಂದು ಡಿಸೆಂಬರ್ ಎರಡು ಸಾವಿರದ ಆರರ ಅರ್ಜಿಗೂ, ಅದರ ಎರಡು ಪ್ರತಿಗಳಿಗೂ, ಈ ಕಾಗದಕ್ಕೂ

ಬಿಕ್ಕಲಂ: ದೇಜಪ್ಪ